ಮುಂದಿನ ಶಾಕಿನ ಆಯಿಲ್ ಸೀಲು: ಮನೆಯಲ್ಲೇ ಬದಲಿಸಿಕೊಳ್ಳುವ ಬಗೆ

(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಇಂದಿನ ಗೋಷ್ಠಿಯಲ್ಲಿ ಹಸಿರು ಮೇವಿನ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ, ಕರುಗಳ ಸಾಕಣೆಯ ಬಗ್ಗೆ ತಿಳಿದವರು ತುಂಬಾ ಚೆನ್ನಾಗಿ ಮಾತಾಡಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ತನಕ ಓದಿ ನೇಗಿಲು ಹಿಡಿದವರು. ಅವರ ಮುಂದೆ ಹಸುವಿನ ವಿಚಾರ ಮಾತಾಡುವಷ್ಟು ನಮಗೆ ತಿಳಿಯದು. ಆದರೆ ಒಂದು ಮಾತು. ಹಾಲು ಹಸುವಿನ ಕೆಚ್ಚಲಿನಿಂದ ಸಂಘದ ಕ್ಯಾನಿಗೆ ತಾನಾಗಿ ಹಾರಿ ಬರುವುದಿಲ್ಲ. ತೋಟದ ಮನೆಗಳಿಂದ, ಏರಿ ಮೇಲಿಂದ, ಗುಂಡಿ ಬಿದ್ದ ದಾರಿಯಲ್ಲಿ ಅದನ್ನು ಹೊತ್ತು ತರುವುದು ನಮ್ಮ ಮೋಟಾರ್ ಸೈಕಲ್ಲು. ಹಸುವಿಗೆ ಜ್ವರ ಬಂದರೆ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಗಾಡಿಗೆ ರೋಗ ಬಂದರೆ "ಓಡ್ತೈತಲ್ಲ ಬಿಡು" ಅನ್ನುತ್ತೇವೆ. ಆ ಮಾತಿನಿಂದ ನಮ್ಮ ಮನೆಗೆ ಏನಾಯಿತು, ಆಮೇಲೆ ನಾವು ಏನು ಕಲಿತೆವು ಎಂಬುದನ್ನು ತಮ್ಮ ಮುಂದೆ ಇಡುತ್ತೇವೆ.

ನಮ್ಮ ತಂದೆಯವರ ಕಾಲದಲ್ಲಿ ಹಾಲು ತಲೆಯ ಮೇಲೆ ಬರುತ್ತಿತ್ತು, ಇಲ್ಲವೆ ಸೈಕಲ್ಲಿನ ಮೇಲೆ. ಊರಿಗೊಂದೋ ಎರಡೋ ಮೋಟಾರ್ ಸೈಕಲ್ಲು. ಅವೂ ರಾಜದೂತ್, ಬುಲೆಟ್, ಇಲ್ಲವೆ ನಮ್ಮ ಮೈಸೂರಿನಲ್ಲೇ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಎಜ್ಡಿ ಗಾಡಿಗಳು. 1984-85ರ ಹೊತ್ತಿಗೆ ನೂರು ಸಿಸಿ ಗಾಡಿಗಳು ಬಂದವು. ಪೆಟ್ರೋಲು ಕಡಿಮೆ ಕುಡಿಯುವ ಗಾಡಿ ಬಂದ ಮೇಲೆ ರೈತನ ಮನೆಗೂ ಮೋಟಾರ್ ಸೈಕಲ್ಲು ಬಂತು. ಇವತ್ತು ಬೆಳಗ್ಗೆ ಆರು ಗಂಟೆಗೆ ಸಂಘದ ಮುಂದೆ ನಿಂತರೆ ಹಸುಗಳಿಗಿಂತ ಗಾಡಿಗಳೇ ಜಾಸ್ತಿಯೇನೋ ಅನ್ನಿಸುತ್ತದೆ.

ಈಗ ನಮ್ಮ ಮನೆಯ ಸಂಗತಿ. ಮೂರು ವರ್ಷದ ಹಿಂದೆ ನಮ್ಮ ತಮ್ಮ ಒಂದು ದಿನ, "ಅಣ್ಣ, ಮುಂದಿನ ಶಾಕಿನಲ್ಲಿ ಆಯಿಲ್ ಇಳೀತಾ ಐತೆ, ಸ್ವಲ್ಪ ನೋಡು" ಅಂದ. ಗಾಡಿ ನಮ್ಮ ಹೆಸರಿನದು, ರಿಪೇರಿಯ ಖರ್ಚೂ ನಮ್ಮದೇ. ಕಬ್ಬಿಗೆ ಗೊಬ್ಬರ ಹಾಕುವ ಸಮಯ. "ಓಡ್ತೈತಲ್ಲ, ಹಬ್ಬ ಕಳೀಲಿ, ನೋಡೋಣ" ಅಂದೆವು. ಹಬ್ಬ ಕಳೆಯಿತು. ಇನ್ನೊಂದು ಹಬ್ಬವೂ ಬಂತು. ನಮ್ಮದು ಮುಂದೆ ಡಿಸ್ಕ್ ಬ್ರೇಕಿನ ಗಾಡಿ. ಶಾಕಿನಿಂದ ಇಳಿದ ಆಯಿಲ್ಲು ಅದೇ ಕಾಲಿಗೆ ಕಟ್ಟಿರುವ ಬ್ರೇಕಿನ ಮೇಲೆ ಇಳಿದು, ಪ್ಯಾಡು ಎಣ್ಣೆ ಕುಡಿದುಬಿಟ್ಟಿತ್ತು. ಒಂದು ಬೆಳಗ್ಗೆ ಜಿಟಿಜಿಟಿ ಮಳೆ. ಹಿಂದೆ ಎರಡು ಕ್ಯಾನು. ಇದೇ ಸಂಘದ ತಿರುವಿನಲ್ಲಿ ಒಂದು ಕರು ಅಡ್ಡ ಬಂತು. ತಮ್ಮ ಬ್ರೇಕ್ ಹಿಡಿದ, ಗಾಡಿ ನಿಲ್ಲಲಿಲ್ಲ. ಕರು ಉಳಿಯಿತು. ಚರಂಡಿಯ ಕಲ್ಲಿಗೆ ಬಡಿದು ತಮ್ಮನ ಎಡಗಾಲು ಮುರಿಯಿತು. ಮೂರು ತಿಂಗಳು ಮಂಚ ಹಿಡಿದ. ಅವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಆ ಮೇಲೆ ನಾವು ಹಠಕ್ಕೆ ಬಿದ್ದು ಈ ಕೆಲಸ ಕಲಿತೆವು. ಪೇಟೆಯ ಗ್ಯಾರೇಜಿನಲ್ಲಿ ಎರಡು ದಿನ ಮೋಟುಗಾಲಿನ ಮಣೆ ಹಾಕಿಕೊಂಡು ಕುಳಿತು ನೋಡಿದೆವು. ಆಮೇಲೆ ಮನೆಯ ಕೊಟ್ಟಿಗೆಯಲ್ಲಿ ಮಾಡಿದೆವು. ಮೊದಲ ಸಲ ಕೆಟ್ಟಿತು, ಎರಡನೆಯ ಸಲ ಸರಿಹೋಯಿತು. ಕೆಟ್ಟದ್ದು ಯಾಕೆ ಎಂಬುದನ್ನೂ ಹೇಳುತ್ತೇವೆ.

ಮೊದಲು ಅದರ ಒಳಗೇನಿದೆ ಅಂತ ತಿಳಿಯಬೇಕು. ಗಾಡಿಯ ಮುಂದಿನ ಎರಡು ಕಾಲುಗಳಲ್ಲಿ ಪ್ರತಿಯೊಂದಕ್ಕೂ ಮೇಲೆ ಹೊಳೆಯುವ ಒಂದು ಉಕ್ಕಿನ ಕೊಳವೆ ಇದೆ. ಮೆಕ್ಯಾನಿಕ್‌ಗಳು ಅದನ್ನು ರಾಡು ಅನ್ನುತ್ತಾರೆ. ಅದು ಕೆಳಗಿನ ಅಲ್ಯೂಮಿನಿಯಂ ಬಾಟಮ್ಮಿನೊಳಗೆ ಮೇಲೆ ಕೆಳಗೆ ಆಡುತ್ತದೆ. ಒಳಗೆ ಒಂದು ಉದ್ದನೆಯ ಸ್ಪ್ರಿಂಗು, ಒಂದು ಸಣ್ಣ ಪಿಸ್ಟನ್ನು, ಸ್ವಲ್ಪ ಆಯಿಲ್ಲು. ಗುಂಡಿಗೆ ಬಿದ್ದಾಗ ಭಾರ ತಡೆಯುವುದು ಸ್ಪ್ರಿಂಗು. ಆ ಸ್ಪ್ರಿಂಗು ಮತ್ತೆ ಮತ್ತೆ ಕುಣಿಯದಂತೆ ಹಿಡಿಯುವುದು ಆಯಿಲ್ಲು, ಅದು ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವಾಗ ಕುಣಿತ ನಿಲ್ಲುತ್ತದೆ. ಬಾಟಮ್ಮಿನ ಬಾಯಲ್ಲಿ ಕುಳಿತು ಈ ಆಯಿಲ್ಲು ಹೊರಗೆ ಬರದಂತೆ ನೋಡಿಕೊಳ್ಳುವ ರಬ್ಬರಿನ ಬಳೆಯೇ ಆಯಿಲ್ ಸೀಲು. ಅದರ ಮೇಲೆ ಧೂಳು ತಡೆಯುವ ಇನ್ನೊಂದು ರಬ್ಬರ್ ಟೋಪಿ. ಟೋಪಿ ಹರಿದರೆ ಕೆಸರು, ಮರಳು ಒಳಗೆ ಹೋಗಿ ಸೀಲಿನ ತುಟಿ ಸವೆಯುತ್ತದೆ. ಇಷ್ಟೇ ರೋಗದ ಮೂಲ.

ರೋಗ ಗುರುತಿಸುವುದು ಸುಲಭ. ರಾಡನ್ನು ಒಣ ಬಟ್ಟೆಯಿಂದ ಒರೆಸಿ, ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹತ್ತು ಸಲ ಜೋರಾಗಿ ಅದುಮಿ ಬಿಡಿ. ರಾಡಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲು ಹೋಗಿದೆ. ಬ್ರೇಕ್ ಹಿಡಿದಾಗ ಗಾಡಿ ಮೂಗು ಮುಗ್ಗರಿಸಿದಂತೆ ಬಗ್ಗಿದರೆ, ಗುಂಡಿಯಲ್ಲಿ ಟಣ್ ಎಂದು ಕಬ್ಬಿಣದ ಸದ್ದು ಬಂದರೆ ಒಳಗೆ ಆಯಿಲ್ಲು ಕಡಿಮೆಯಾಗಿದೆ ಎಂದು ತಿಳಿಯಿರಿ.

ಸೋರಿದ ತಕ್ಷಣ ಬಿಚ್ಚಬೇಕಿಲ್ಲ. ಕೆಲವು ಸಲ ಸೀಲಿನ ತುಟಿಯ ಅಡಿ ಒಂದು ಮರಳಿನ ಕಣ ಸಿಕ್ಕಿಕೊಂಡೇ ಸೋರುವುದುಂಟು. ಧೂಳಿನ ಟೋಪಿಯನ್ನು ರಾಡಿನ ಮೇಲಕ್ಕೆ ಸರಿಸಿ, ಹಳೆಯ ಎಕ್ಸ್‌ರೇ ಫಿಲ್ಮಿನ ಒಂದು ಪಟ್ಟಿ ಕತ್ತರಿಸಿ, ತುದಿಯಲ್ಲಿ ಸಣ್ಣ ಕೊಕ್ಕೆ ಮಾಡಿಕೊಂಡು, ಸೀಲಿಗೂ ರಾಡಿಗೂ ನಡುವೆ ತೂರಿಸಿ ಸುತ್ತಲೂ ಒಮ್ಮೆ ಎಳೆಯಿರಿ. ಕಸ ಹೊರಗೆ ಬರುತ್ತದೆ. ಒರೆಸಿ ಎರಡು ದಿನ ನೋಡಿ. ನಿಂತರೆ ಪುಣ್ಯ. ನಾವು ಕತ್ತರಿಸಿದ್ದು ತಮ್ಮನ ಕಾಲಿನದೇ ಎಕ್ಸ್‌ರೇ, ಡಾಕ್ಟರು ಇನ್ನು ಬೇಡ ಅಂದ ಮೇಲೆ. ಅದರಿಂದ ನಮ್ಮ ಗಾಡಿಯ ಸೋರಿಕೆ ನಿಲ್ಲಲಿಲ್ಲ, ಬಿಚ್ಚಲೇಬೇಕಾಯಿತು.

ಸಾಮಾನು ಏನು ಬೇಕು? ಅಂಗಡಿಯಿಂದ ತರಬೇಕಾದ್ದು ನಿಮ್ಮ ಗಾಡಿಯ ಮಾದರಿಯದೇ ಎರಡು ಸೀಲು, ಎರಡು ಧೂಳಿನ ಟೋಪಿ, ಬಾಟಮ್ಮಿನ ಅಡಿಯ ಬೋಲ್ಟಿಗೆ ಎರಡು ವಾಷರು, ಫೋರ್ಕ್ ಆಯಿಲ್ಲು. ಒಂದೇ ಕಾಲು ಸೋರಿದರೂ ಎರಡಕ್ಕೂ ಹಾಕಬೇಕು. ಪಾನಾಗಳ ಜೊತೆ ಒಂದು ಒಳ್ಳೆಯ ಅಲೆನ್ ಕೀ ಬೇಕು, ಸವೆದದ್ದು ಬೇಡ. ಮಿಕ್ಕಿದ್ದೆಲ್ಲ ಮನೆಯಲ್ಲೇ ಉಂಟು: ಹಗ್ಗ, ಮರದ ದಿಮ್ಮಿ, ಗುದ್ದಲಿಯ ಹಳೇ ಕಾವು, ಸೈಕಲ್ ಕಡ್ಡಿ, ಪಿವಿಸಿ ಪೈಪಿನ ಒಂದು ತುಂಡು, ಖಾಲಿ ಹಾಲಿನ ಪ್ಯಾಕೆಟ್ಟು, ಔಷಧಿ ಅಂಗಡಿಯ ದೊಡ್ಡ ಸಿರಿಂಜು.

ಮೊದಲನೆಯದಾಗಿ, ಸ್ಪ್ರಿಂಗು ಇನ್ನೂ ಒಳಗಿರುವಾಗಲೇ ಬಾಟಮ್ಮಿನ ಅಡಿಯಲ್ಲಿರುವ ಅಲೆನ್ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ಸ್ಪ್ರಿಂಗು ಒಳಗಿನ ಪಿಸ್ಟನ್ನನ್ನು ಒತ್ತಿ ಹಿಡಿದಿರುವುದರಿಂದ ಬೋಲ್ಟು ಬಿಡುತ್ತದೆ. ಆಮೇಲಾದರೆ ಪಿಸ್ಟನ್ನೂ ಬೋಲ್ಟಿನ ಜೊತೆ ಸುಮ್ಮನೆ ಸುತ್ತುತ್ತಾ ಇರುತ್ತದೆ. ಹಾಗೆ ಸುತ್ತಿದರೆ ಗುದ್ದಲಿ ಕಾವಿನ ತುದಿಯನ್ನು ಮೊನೆಯಾಗಿ ಕೆತ್ತಿ, ಸ್ಪ್ರಿಂಗು ತೆಗೆದ ಮೇಲೆ ರಾಡಿನ ಮೇಲಿನಿಂದ ಒಳಗೆ ತೂರಿಸಿ, ಪಿಸ್ಟನ್ನಿನ ತಲೆಗೆ ಬಿಗಿಯಾಗಿ ಒತ್ತಿ ಹಿಡಿದು ತಿರುಗಿಸಿ. ರಾಡಿನ ಮೇಲಿನ ಬೋಲ್ಟನ್ನೂ ರಾಡು ಗಾಡಿಯಲ್ಲೇ ಇರುವಾಗ ಸ್ವಲ್ಪ ಸಡಿಲಿಸಿಕೊಳ್ಳಿ, ಪೂರ್ತಿ ಬಿಚ್ಚಬೇಡಿ. ಅದರ ಕೆಳಗೆ ಸ್ಪ್ರಿಂಗು ಒತ್ತಿಕೊಂಡಿರುತ್ತದೆ. ಪೂರ್ತಿ ಬಿಚ್ಚುವಾಗ ಅದು ಚಿಮ್ಮುತ್ತದೆ, ಮುಖ ಅದರ ಮೇಲೆ ಇಡಬಾರದು.

ಎರಡನೆಯದು, ಗಾಡಿ ನಿಲ್ಲಿಸುವುದು. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು, ಚಾಸಿಯ ಕತ್ತಿಗೆ ಹಗ್ಗ ಹಾಕಿ ಕೊಟ್ಟಿಗೆಯ ತೊಲೆಗೆ ಕಟ್ಟಿದೆವು. ಕಲ್ಲಿನ ಮೇಲೆ ಕಲ್ಲು ಪೇರಿಸಿ ನಿಲ್ಲಿಸುವವರನ್ನು ನೋಡಿದ್ದೇವೆ, ಖಂಡಿತ ಬೇಡ. ಹಗ್ಗ ಕಟ್ಟಿದ ಮೇಲೆ ಗಾಡಿಯನ್ನು ಅಲ್ಲಾಡಿಸಿ ನೋಡಿ ಕೈ ಹಾಕಿ. ಹಸುಗಳನ್ನು ಆಚೆ ಕಟ್ಟಿ. ಅವು ಎಣ್ಣೆ ಬಟ್ಟೆ ನೆಕ್ಕಿದರೆ ಇನ್ನೊಂದು ಅನಾಹುತ.

ಮೂರನೆಯದು, ಚಕ್ರ, ಮಡ್‌ಗಾರ್ಡ್ ಕಳಚುವುದು. ಡಿಸ್ಕ್ ಬ್ರೇಕಿನ ಗಾಡಿಯಾದರೆ ಕ್ಯಾಲಿಪರನ್ನು ಅದರ ಪೈಪಿನ ಮೇಲೆ ಜೋತುಬಿಡಬೇಡಿ, ದಾರದಿಂದ ಮೇಲಕ್ಕೆ ಕಟ್ಟಿ. ಎರಡು ಪ್ಯಾಡಿನ ನಡುವೆ ಒಂದು ಮರದ ಚಕ್ಕೆ ಇಡಿ, ಮಕ್ಕಳು ಆಟಕ್ಕೆ ಬ್ರೇಕ್ ಅದುಮಿದರೆ ಪಿಸ್ಟನ್ನು ಹೊರಗೆ ಬಂದುಬಿಡುತ್ತದೆ. ರಾಡು ಮೇಲಿನ ಹಿಡಿತದಲ್ಲಿ ಎಲ್ಲಿಯವರೆಗೆ ಕುಳಿತಿತ್ತೋ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದೇ ಕಾಲು ಬಿಚ್ಚಿ. ಮರೆತುಹೋದರೆ ನೋಡಿಕೊಳ್ಳಲು ಇನ್ನೊಂದು ಹಾಗೇ ಇರುತ್ತದೆ.

ನಾಲ್ಕನೆಯದು, ಕಾಲನ್ನು ಹೊರತೆಗೆದು, ಮೇಲಿನ ಬೋಲ್ಟು ಬಿಚ್ಚಿ, ಸ್ಪ್ರಿಂಗಿನ ಯಾವ ತುದಿ ಮೇಲಿತ್ತು ಅಂತ ನೋಡಿಟ್ಟುಕೊಂಡು, ತಲೆಕೆಳಗು ಮಾಡಿ ಹಳೇ ಆಯಿಲ್ಲನ್ನು ಡಬ್ಬಕ್ಕೆ ಇಳಿಸಿ. ಈ ಡಬ್ಬ ಹಾಲಿನ ಕ್ಯಾನಾಗಲಿ, ಹಾಲಿನ ಅಳತೆ ಪಾತ್ರೆಯಾಗಲಿ ಆಗಬಾರದು, ಎಷ್ಟು ತೊಳೆದರೂ ಬೇಡ. ಹಳೇ ಆಯಿಲ್ಲನ್ನು ಬಾವಿಯ ಹತ್ತಿರ, ಮೇವಿನ ಹತ್ತಿರ ಚೆಲ್ಲಬೇಡಿ, ಗ್ಯಾರೇಜಿನವರ ಪೀಪಾಯಿಗೆ ಕೊಟ್ಟುಬಿಡಿ.

ಐದನೆಯದು, ಸೀಲು ಕೀಳುವುದು. ಧೂಳಿನ ಟೋಪಿ ತೆಗೆದರೆ ಸೀಲಿನ ಮೇಲೆ ಒಂದು ತಂತಿಯ ಬಳೆ ಕಾಣುತ್ತದೆ. ಸೈಕಲ್ ಕಡ್ಡಿಯನ್ನು ಮೊನೆ ಮಾಡಿ ಬಗ್ಗಿಸಿಕೊಂಡರೆ ಅದನ್ನು ಎಬ್ಬಿಸಬಹುದು. ಅಡಿಯ ಅಲೆನ್ ಬೋಲ್ಟು ತೆಗೆದ ಮೇಲೆ ರಾಡು ಹೊರಗೆ ಬರುತ್ತದೆ, ಸಣ್ಣ ಗಾಡಿಗಳಲ್ಲಿ ಸೀಲು ಬಾಟಮ್ಮಿನಲ್ಲೇ ಉಳಿಯುತ್ತದೆ. ಬಾಟಮ್ಮಿನ ಬಾಯಿಗೆ ಹೊರಗಡೆಯಿಂದ ಕುದಿಯುವ ನೀರು ಹುಯ್ಯಿರಿ. ಅಲ್ಯೂಮಿನಿಯಂ ಬಿಸಿಗೆ ಬೇಗ ಹಿಗ್ಗುತ್ತದೆ, ಸೀಲು ಸಡಿಲವಾಗುತ್ತದೆ. ಬಾಯಿಯ ಅಂಚಿಗೆ ಹಳೇ ಟ್ಯೂಬಿನ ತುಂಡು ಮಡಿಸಿಟ್ಟು, ಟೈರ್ ಬಿಚ್ಚುವ ಪಟ್ಟಿಯಿಂದ ಮೀಟಿ. ಒಂದೇ ಕಡೆ ಬಲ ಹಾಕಬೇಡಿ, ಸುತ್ತ ಸ್ವಲ್ಪ ಸ್ವಲ್ಪ. ಬಾಯಿಗೆ ಗೀರು ಬಿದ್ದರೆ ಹೊಸ ಸೀಲೂ ಅಲ್ಲಿಂದಲೇ ಸೋರುತ್ತದೆ.

ಈಗ ನಾವು ಕೆಟ್ಟ ಜಾಗ. ಮೊದಲ ಸಲ ರಾಡನ್ನು ನೋಡದೆ ಹೊಸ ಸೀಲು ಹಾಕಿದೆವು. ಎಂಟು ದಿನಕ್ಕೆ ಮತ್ತೆ ಎಣ್ಣೆ. ಅಂಗಡಿಯವನು ನಕಲಿ ಸೀಲು ಕೊಟ್ಟ ಅಂತ ಬೈದೆವು. ತಪ್ಪು ಅವನದಲ್ಲ. ರಾಡಿನ ಮೇಲೆ ತುಕ್ಕು ತಿಂದ ಎರಡು ಗುಳಿ ಇದ್ದವು, ಸೀಲಿನ ತುಟಿಯನ್ನು ಅವು ಹರಿತವಾಗಿ ಕೊಯ್ದಿದ್ದವು. ಆದ್ದರಿಂದ ರಾಡನ್ನು ಒರೆಸಿ ಉಗುರಿನಿಂದ ಉದ್ದಕ್ಕೂ ಸುತ್ತಲೂ ಸವರಿ ನೋಡಿ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ. ಸಣ್ಣ ಮುಳ್ಳಿನಂತಹ ಗೀರಾದರೆ 1000 ನಂಬರಿನ ಎಮೆರಿ ಕಾಗದಕ್ಕೆ ಎಣ್ಣೆ ಹಚ್ಚಿ ಆ ಮುಳ್ಳು ಹೋಗುವಷ್ಟು ಮಾತ್ರ ಉಜ್ಜಿ. ಸೀಲು ಆಡುವ ಜಾಗದಲ್ಲೇ ಆಳವಾದ ಗುಳಿ ಇದ್ದರೆ ರಾಡೇ ಬದಲಾಗಬೇಕು. ಕನ್ನಡಿ ಗಾಜಿನ ಮೇಲೆ ರಾಡನ್ನು ಉರುಳಿಸಿ, ಬೆಳಕು ಒಂದೇ ಸಮ ಕಾಣದಿದ್ದರೆ ಬಗ್ಗಿದೆ ಎಂದರ್ಥ. ಬಗ್ಗಿದ್ದನ್ನು ಮನೆಯಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ. ನಮಗೆ ಎರಡನೆಯ ಸಲ ಒಂದು ರಾಡಿನ ಖರ್ಚು ಬಿತ್ತು. ಅದಿಲ್ಲದಿದ್ದರೆ ಒಟ್ಟು ಸೀಲಿನ ಖರ್ಚು ಒಂದು ದಿನದ ಹಾಲಿನ ದುಡ್ಡಿಗಿಂತ ಕಡಿಮೆ.

ಆರನೆಯದು, ಹೊಸ ಸೀಲು ಕೂರಿಸುವುದು. ಎಲ್ಲವನ್ನೂ ತೊಳೆದು ಒಣಗಿಸಿ, ರಾಡನ್ನು ಬಾಟಮ್ಮಿಗೆ ಇಳಿಸಿ, ಅಡಿಯ ಬೋಲ್ಟನ್ನು ಹೊಸ ವಾಷರಿನೊಂದಿಗೆ ಬಿಗಿ ಮಾಡಿ. ರಾಡಿನ ಮೇಲ್ತುದಿಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ಸುತ್ತಿ ಆಯಿಲ್ಲು ಸವರಿ. ರಾಡಿನ ಅಂಚು ಕತ್ತಿಯ ಹಾಗಿರುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಜಾರಿಸಿದರೆ ಸೀಲಿನ ತುಟಿಗೆ ಗಾಯವಾಗುವುದಿಲ್ಲ. ಸೀಲಿನ ಸಣ್ಣ ಸ್ಪ್ರಿಂಗು ಕಾಣುವ ಮಗ್ಗಲು ಕೆಳಗೆ, ಆಯಿಲ್ಲಿನ ಕಡೆಗೆ. ನಂಬರು ಬರೆದಿರುವ ಮಗ್ಗಲು ಮೇಲೆ. ಇದು ಉಲ್ಟಾ ಆದರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗ್ಯಾರೇಜಿನಲ್ಲಿ ಸೀಲು ಬಡಿಯಲು ಬೇರೆ ಹತ್ಯಾರವೇ ಇದೆ. ನಮ್ಮ ಹತ್ಯಾರ ಪಿವಿಸಿ ಪೈಪು. ರಾಡಿನ ಮೇಲೆ ಸಲೀಸಾಗಿ ಜಾರಬೇಕು, ಅದರ ಅಂಚು ಸೀಲಿನ ಹೊರಸುತ್ತಿನ ಮೇಲೆ ಕೂರಬೇಕು, ತುಟಿಯನ್ನು ಮುಟ್ಟಬಾರದು. ಪೈಪಿನ ಅಂಗಡಿಗೆ ಹಳೇ ಸೀಲು ತೆಗೆದುಕೊಂಡು ಹೋಗಿ ಇಟ್ಟು ನೋಡಿ ಆರಿಸಿದೆವು. ತುಂಡಿನ ಬಾಯಿ ಸಮನಾಗಿ ಕತ್ತರಿಸಿರಬೇಕು. ಹಳೇ ಸೀಲನ್ನು ಒಂದು ಕಡೆ ಸೀಳಿ ಹೊಸದರ ಮೇಲಿಟ್ಟು, ಅದರ ಮೇಲೆ ಪೈಪು ಇಟ್ಟು, ಮೇಲಿನಿಂದ ಕೆಳಕ್ಕೆ ಸಣ್ಣ ಸಣ್ಣ ಏಟು ಹಾಕಿ. ಸದ್ದು ಬದಲಾಗಿ ಗಟ್ಟಿಯಾದಾಗ ಸೀಲು ಕುಳಿತಿತು ಅಂತ ತಿಳಿಯಿರಿ. ಸೀಳಿದ ಹಳೇ ಸೀಲು ಸುಲಭವಾಗಿ ಹೊರಗೆ ಬರುತ್ತದೆ. ತಂತಿಯ ಬಳೆ ಕೂರುವ ಗಾಡಿ ಸುತ್ತಲೂ ಪೂರ್ತಿ ಕಾಣಬೇಕು. ಬಳೆ ಹಾಕಿ, ಧೂಳಿನ ಟೋಪಿ ಒತ್ತಿ.

ಏಳನೆಯದು, ಆಯಿಲ್ಲು. ಅಳತೆ ಎಷ್ಟು, ಯಾವ ತರಹದ್ದು ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದ್ದರೆ ನೋಡಿ, ಇಲ್ಲದಿದ್ದರೆ ಕಂಪನಿಯ ಸರ್ವೀಸಿನವರನ್ನು ಕೇಳಿ ಬರೆದುಕೊಂಡು ಬನ್ನಿ. ನಮ್ಮ ಸಂಘದಲ್ಲಿ ಫ್ಯಾಟ್ ನೋಡುವ ಗರ್ಬರ್ ಪರೀಕ್ಷೆಗೆ ಹಾಲು 10.75 ಮಿಲಿ ಲೀಟರೇ ಆಗಬೇಕು, ಕಣ್ಣಂದಾಜು ನಡೆಯುವುದಿಲ್ಲ. ಇಲ್ಲಿಯೂ ಹಾಗೇ. ಎರಡು ಕಾಲಿಗೂ ಒಂದೇ ಅಳತೆ, ಸಿರಿಂಜಿನಲ್ಲಿ ಎಣಿಸಿ ಹಾಕಿ. ಇಂಜಿನ್ ಆಯಿಲ್ಲು ಹುಯ್ಯುವ ರೂಢಿಯೂ ಇದೆ. ಅದು ಮಂದ, ಶಾಕು ಬಿರುಸಾಗುತ್ತದೆ. ಹಾಕಿದ ಮೇಲೆ ರಾಡನ್ನು ನಿಧಾನವಾಗಿ ಹತ್ತು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಹೋಗಲು ಬಿಡಿ. ಸ್ಪ್ರಿಂಗು ಇಳಿಸಿ, ಮೇಲಿನ ಬೋಲ್ಟನ್ನು ಒತ್ತಿ ಹಿಡಿದು ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಿಸಿ, ಮರೆ ಅಡ್ಡ ಬೀಳದಿರಲಿ.

ಕೊನೆಯದಾಗಿ ಜೋಡಣೆ. ಜೀವ ಇರುವುದು ಇಲ್ಲಿ. ಡ್ರಮ್ ಬ್ರೇಕಿನ ಗಾಡಿಯವರು ಕೇಳಿಸಿಕೊಳ್ಳಿ. ಬ್ರೇಕ್ ಪ್ಲೇಟಿನಲ್ಲಿ ಒಂದು ಕಚ್ಚು ಇದೆ, ಬಾಟಮ್ಮಿನಲ್ಲಿ ಒಂದು ಗೂಟ ಇದೆ. ಕಚ್ಚಿನೊಳಗೆ ಗೂಟ ಕೂತಿರಲೇಬೇಕು. ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟು ಚಕ್ರದ ಜೊತೆ ಸುತ್ತಿಕೊಂಡು ಚಕ್ರ ಕಚ್ಚಿ ಹಿಡಿಯುತ್ತದೆ, ಸವಾರ ಮುಂದಕ್ಕೆ ಹೋಗಿ ಬೀಳುತ್ತಾನೆ. ಎಣ್ಣೆ ಕುಡಿದ ಪ್ಯಾಡು, ಬ್ರೇಕ್ ಶೂ ಯಾವುದೇ ಇರಲಿ, ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಹೊಸದು ಹಾಕಿ. ಡಿಸ್ಕಿನ ತಟ್ಟೆಯನ್ನು ಎಣ್ಣೆ ಚೂರೂ ಉಳಿಯದಂತೆ ಒರೆಸಿ. ಡಿಸ್ಕ್ ಬ್ರೇಕನ್ನು ಗಟ್ಟಿಯಾಗುವವರೆಗೆ ಅದುಮಿ ಅದುಮಿ ನೋಡಿಯೇ ಗಾಡಿ ಹತ್ತಿ. ಮೊದಲು ಮನೆ ಮುಂದೆ ತಳ್ಳಿಕೊಂಡು ಬ್ರೇಕ್ ಹಿಡಿದು ನೋಡಿ, ಆಮೇಲೆ ಖಾಲಿ ಗಾಡಿಯಲ್ಲಿ ಒಂದು ಸುತ್ತು, ಆಮೇಲೆ ಮತ್ತೊಮ್ಮೆ ಎಲ್ಲ ನಟ್ಟು ಬೋಲ್ಟು ಮುಟ್ಟಿ ನೋಡಿ, ಕ್ಯಾನು ಕಟ್ಟುವುದು ಅದಾದ ಮೇಲೆ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾವು ಹೇಳುತ್ತಿಲ್ಲ. ಹೊಳೆಯುವ ರಾಡು ಕೆಳಗೆ, ದಪ್ಪ ಕೊಳವೆ ಮೇಲೆ ಇರುವ ಉಲ್ಟಾ ಶಾಕಿನ ಗಾಡಿಗಳು ಬಂದಿವೆ, ಅವಕ್ಕೆ ಕೈ ಹಾಕಬೇಡಿ. ಅಪಘಾತದಲ್ಲಿ ಬಗ್ಗಿದ ಗಾಡಿ, ಮರೆ ಕಿತ್ತ ಬಾಟಮ್ಮು, ಇವು ಗ್ಯಾರೇಜಿನ ಕೆಲಸ. ನಮಗೆ ಕಲಿಸಿದವರೂ ಗ್ಯಾರೇಜಿನವರೇ. ಕೈಲಾಗದ್ದನ್ನು ಅವರಿಗೆ ಒಪ್ಪಿಸುವುದರಲ್ಲಿ ಅವಮಾನವಿಲ್ಲ. ಆದರೆ ಮನೆಯಲ್ಲೋ ಗ್ಯಾರೇಜಿನಲ್ಲೋ, ಸೋರಿಕೆ ಕಂಡ ವಾರದೊಳಗೆ ಆಗಬೇಕು.

ಸದಸ್ಯ ಬಂಧುಗಳೆ, ನಮ್ಮ ನಾಡಿನಲ್ಲಿ ಸಹಕಾರದ ಕೆಲಸ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಶುರುವಾಯಿತು. ಒಬ್ಬೊಬ್ಬರ ಕೈಲಿ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಎಂಬುದೇ ಅದರ ತಿರುಳು. ಆದ್ದರಿಂದ ನಾವು ಎರಡು ಬೇಡಿಕೆ ಇಡುತ್ತೇವೆ. ಒಂದು, ಸಂಘದಲ್ಲಿ ಒಂದು ಹತ್ಯಾರದ ಪೆಟ್ಟಿಗೆ ಇರಲಿ. ಒಳ್ಳೆಯ ಅಲೆನ್ ಕೀ, ಪಾನಾ ಸೆಟ್ಟು, ಸೀಲು ಬಡಿಯುವ ಪೈಪು, ಸಿರಿಂಜು. ರಿಜಿಸ್ಟರಿನಲ್ಲಿ ಬರೆದು ಒಯ್ಯಲಿ, ಬರೆದು ವಾಪಸು ಕೊಡಲಿ. ಮುಂದಿನ ಆಡಳಿತ ಮಂಡಳಿ ಸಭೆಗೆ ಇದನ್ನು ವಿಷಯವಾಗಿ ತರುತ್ತೇವೆ. ನಮ್ಮ ಪೈಪಿನ ತುಂಡನ್ನು ಇವತ್ತೇ ಕಾರ್ಯದರ್ಶಿಗಳ ಕೈಗೆ ಒಪ್ಪಿಸಿದ್ದೇವೆ.

ಎರಡನೆಯದಕ್ಕೆ ದುಡ್ಡೇ ಬೇಡ. ನಾಳೆ ಬೆಳಗ್ಗೆ ಸಾಲಿನಲ್ಲಿ ನಿಂತಾಗ ಪಕ್ಕದವರ ಗಾಡಿಯ ಮುಂದಿನ ಕಾಲು ನೋಡಿ. ಎಣ್ಣೆಯ ಉಂಗುರ ಕಂಡರೆ ಬಾಯಿಬಿಟ್ಟು ಹೇಳಿ. ಹೇಳಿಸಿಕೊಂಡವರು, ನಾವು ಅಂದ ಹಾಗೆ "ಓಡ್ತೈತಲ್ಲ ಬಿಡು" ಅನ್ನಬೇಡಿ. ನಮ್ಮ ತಮ್ಮ ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾನೆ. ಈಗ ಅವನೇ ಹಾಲು ತರುತ್ತಾನೆ, ಮಳೆಗಾಲದಲ್ಲಿ ಕಾಲು ಇನ್ನೂ ಹಿಡಿಯುತ್ತದೆ. ಅವನು ಅವತ್ತು ಹೇಳಿದ್ದನ್ನು ನಾವು ಅವತ್ತೇ ಕೇಳಿದ್ದರೆ ಇಷ್ಟೆಲ್ಲ ಇರಲಿಲ್ಲ.

 ಸಹಕಾರಂ ಗೆಲ್ಗೆ.